ಎತ್ತರದಲ್ಲಿ ಓಟ: ಹೃದಯ, ಶ್ವಾಸಕೋಶಗಳಿಗೆ ಸತ್ವಪರೀಕ್ಷೆ

1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್‌ನ 10,000 ಮೀಟರ್ ಓಟ. ಆಗಿನ ವಿಶ್ವದಾಖಲೆಯ ಒಡೆಯ, ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿದೊಡನೆ ಪ್ರಜ್ಞೆ ತಪ್ಪಿ ಕುಸಿದರು. ಮೈದಾನದಲ್ಲೇ ಅವರಿಗೆ ಆಮ್ಲಜನಕ ನೀಡಬೇಕಾಯಿತು. 29 ನಿಮಿಷ 27.4 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದವರು ಕೀನ್ಯಾದ ನಫ್ತಾಲಿ ಟೆಮು. ಕ್ಲಾರ್ಕ್ 1965ರಲ್ಲಿ ಸ್ಥಾಪಿಸಿದ್ದ ದಾಖಲೆಗಿಂತ ಇದು 1 ನಿಮಿಷ 48 ಸೆಕೆಂಡು ಅಧಿಕ!

ಕಾರಣ, ಆ ನಗರದ ಎತ್ತರ. ಅದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ. ಆದರೆ ವಾಯುಭಾರ ಕಡಿಮೆ. ಹೀಗಾಗಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕ ಹೆಚ್ಚುಕಡಿಮೆ ಕಾಲುಭಾಗದಷ್ಟು ತಗ್ಗುತ್ತದೆ.

ದೇಹದ ಪ್ರತಿಕ್ರಿಯೆ

ಕೊರತೆಯನ್ನು ತುಂಬಲು ಉಸಿರಾಟ ತೀವ್ರವಾಗುತ್ತದೆ. ಅದೇ ವೇಗದ ಓಟಕ್ಕೆ ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಆದರೂ ಬಿರುಸಿನ ಓಟದಲ್ಲಿ ರಕ್ತವು ಶ್ವಾಸಕೋಶವನ್ನು ಅತಿವೇಗವಾಗಿ ಹಾದುಹೋಗುವುದರಿಂದ ಸಾಕಷ್ಟು ಆಮ್ಲಜನಕವನ್ನು ಹೀರಿಕೊಳ್ಳಲು ಅದಕ್ಕೆ ಸಮಯ ಸಾಲದು. ಪರಿಣಾಮವಾಗಿ ಸ್ನಾಯುಗಳು ಬೇಗನೆ ಸೋಲುತ್ತವೆ. ಅಲ್ಪಾವಧಿಯ ಓಟ, ಜಿಗಿತಗಳ ಕಥೆ ಬೇರೆ. ಅವುಗಳಿಗೆ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿಯೇ ಬಹುಮಟ್ಟಿಗೆ ಸಾಕು. ತೆಳುಗಾಳಿಯ ತಡೆಯೂ ಕಡಿಮೆ. ಅದೇ ಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ ಉದ್ದಜಿಗಿತದಲ್ಲಿ 8.90 ಮೀಟರ್ ಹಾರಿ ವಿಶ್ವದಾಖಲೆ ಬರೆದರು.

ಹೊಂದಾಣಿಕೆ ಹೇಗೆ?

ಎತ್ತರಕ್ಕೆ ಹೋದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಇದರ ಪ್ರೇರಣೆಯಿಂದ ಕೆಂಪು ರಕ್ತಕಣಗಳು ವೃದ್ಧಿಸುತ್ತವೆಯಾದರೂ ಅದಕ್ಕೆ ವಾರಗಳೇ ಬೇಕು. ಟೆಮು ಹಾಗೂ ಬೆಳ್ಳಿ ಗೆದ್ದ ಇಥಿಯೋಪಿಯಾದ ಮಾಮೊ ವೋಲ್ಡೆ ಎತ್ತರದ ಸೀಮೆಯಲ್ಲೇ ಬೆಳೆದವರು. ಕ್ಲಾರ್ಕ್‌ ಅವರಿಗೆ ಆ ಅನುಕೂಲವಿರಲಿಲ್ಲ.

ಈ ಪಾಠ ಕ್ರೀಡಾಪಟುಗಳಿಗಷ್ಟೇ ಸೀಮಿತವಲ್ಲ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ವಿಮಾನವೇರಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿಯುವವರು ಮೊದಲ ಒಂದೆರಡು ದಿನ ವಿಶ್ರಮಿಸುವುದು ಅಗತ್ಯ. ತಲೆನೋವು, ವಾಕರಿಕೆ ಕಾಣಿಸಿದರೆ ಮತ್ತಷ್ಟು ಮೇಲೇರಬಾರದು. ವಿಶ್ರಾಂತಿಯಲ್ಲೂ ಏದುಸಿರು ಬಂದರೆ ತಕ್ಷಣ ಕೆಳಗಿಳಿದು ವೈದ್ಯರನ್ನು ಕಾಣಬೇಕು. ನಿತ್ಯದ ವ್ಯಾಯಾಮದಿಂದ ಗಟ್ಟಿಗೊಂಡ ದೇಹವೂ ಎತ್ತರದ ಬಾಧೆಯಿಂದ ಹೊರತಲ್ಲ.