ಎರೆಭೂಮಿಯಲ್ಲಿ ಮನೆಯ ಅಡಿಪಾಯ

ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಜೇಡಿನೆಲದ ಮೇಲೆ ವಾಸದ ಮನೆಗಳಿಗೆ ಹಾಕುವ ಕಾಂಕ್ರೀಟ್ ಬುನಾದಿಯನ್ನೂ ಅದು ಕಾಲಕ್ರಮದಲ್ಲಿ ರೂಪುಗೊಂಡ ಬಗೆಯನ್ನೂ ಈ ಲೇಖನ ವಿವರಿಸುತ್ತದೆ. ಇಂಥ ಮಣ್ಣನ್ನು ಉತ್ತರ ಕರ್ನಾಟಕದಲ್ಲಿ ಎರೆ, ಎರಿ ಎನ್ನುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಅದು ಬ್ಲ್ಯಾಕ್ ಕಾಟನ್ ಸಾಯಿಲ್, ಪಠ್ಯಪುಸ್ತಕಗಳಲ್ಲಿ ಕಪ್ಪು ಹತ್ತಿ ಮಣ್ಣು. ಭಾರತದ ನೆಲದಲ್ಲಿ ಸರಿಸುಮಾರು ಐದನೆಯ ಒಂದು ಭಾಗ ಈ ಮಣ್ಣಿನದು. ಕರ್ನಾಟಕದಲ್ಲಿ ಧಾರವಾಡದ ಮೂಡಣ ಬಯಲಿನಿಂದ ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರುಗಳವರೆಗೆ ಅದು ಹಬ್ಬಿದೆ. ಜೋಳ, ಕಡಲೆ, ಹತ್ತಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಹಿಂಗಾರಿನಲ್ಲಿ ಮಳೆಯಿಲ್ಲದೆಯೂ ಬೆಳೆ ಎಬ್ಬಿಸುವಷ್ಟು ನೀರನ್ನು ಅದು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಮನೆಯನ್ನು ಸೀಳುವುದೂ ಅದೇ ಗುಣ.

ಕೆಟ್ಟ ನೆಲದ ಮೇಲೆ ಕಟ್ಟಿದ ಮನೆ ಕುಸಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಎರೆಭೂಮಿಯಲ್ಲಿ ಮನೆ ಏಳುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಮಳೆಗಾಲದಲ್ಲಿ ಹೊರಗೋಡೆಗಳ ಕೆಳಗಿನ ಮಣ್ಣು ಮೊದಲು ನೆನೆದು ಗೋಡೆಯನ್ನು ಎತ್ತುತ್ತದೆ, ಬೇಸಿಗೆಯಲ್ಲಿ ಮೊದಲು ಒಣಗಿ ಅದನ್ನು ಕೆಳಗೆ ಬಿಡುತ್ತದೆ. ನಡುಮನೆಯ ಕೆಳಗಿನ ಕಥೆ ಬೇರೆ. ಅಲ್ಲಿ ಮಣ್ಣಿನ ಮೇಲೆ ನೆಲಗಟ್ಟು ಮುಚ್ಚಿಕೊಂಡಿರುವುದರಿಂದ ತೇವ ಆವಿಯಾಗಿ ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗಿ ನೆಲ ಗುಮ್ಮಟದಂತೆ ಉಬ್ಬುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆ ಸಾಲುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಇದರ ಗುರುತು. ಶ್ರಾವಣದಲ್ಲಿ ಮುಚ್ಚದ ಬಾಗಿಲು ಯುಗಾದಿಯ ಹೊತ್ತಿಗೆ ತಾನಾಗಿ ಸರಿಹೋದರೆ, ನೋಡಬೇಕಾದದ್ದು ಬಡಗಿಯ ಕೆಲಸವನ್ನಲ್ಲ, ಬುನಾದಿಯನ್ನು.

ಈ ಉಬ್ಬರಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಲ್ಲೋನ್ ಊರಿನ ಹೆಸರು ಅದಕ್ಕೆ ಬಂದದ್ದು 1847ರಲ್ಲಿ. ಅದರ ಕಣಗಳೆಂದರೆ ಒಂದರ ಮೇಲೊಂದು ಪೇರಿಸಿದ, ಸುಮಾರು ಒಂದು ನ್ಯಾನೊಮೀಟರ್ ದಪ್ಪದ ಹಾಳೆಗಳು. ಹಾಳೆಗಳ ನಡುವಿನ ಹಿಡಿತ ಬಹಳ ಸಡಿಲ, ಹಾಗಾಗಿ ನೀರು ಸುಲಭವಾಗಿ ನುಸುಳಿ ಅವನ್ನು ದೂರ ತಳ್ಳುತ್ತದೆ. ಶುದ್ಧ ಖನಿಜದ ಒಂದು ಗ್ರಾಂ ಪುಡಿಯಲ್ಲಿರುವ ಹಾಳೆಗಳನ್ನೆಲ್ಲ ಬಿಡಿಸಿದರೆ ಅವುಗಳ ಒಟ್ಟು ಮೈ 800 ಚದರ ಮೀಟರಿನವರೆಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಎಂಟು ಗುಂಟೆ ಜಮೀನು! ಅಷ್ಟು ಮೈಗೂ ನೀರು ಅಂಟಿಕೊಳ್ಳುತ್ತದೆ. ಹೀಗೆ ಉಬ್ಬುವ ಮಣ್ಣನ್ನು ತಡೆದು ಹಿಡಿದರೆ ಅದು ಚದರ ಮೀಟರಿಗೆ 20–30 ಟನ್ ಬಲದಿಂದ ಮೇಲೆ ಒತ್ತಬಲ್ಲದು, ಕೆಲವೆಡೆ ಇನ್ನೂ ಹೆಚ್ಚು. ಒಂದಂತಸ್ತಿನ ಮನೆಯ ಪಾಯ ನೆಲವನ್ನು ಒತ್ತುವುದು ಸುಮಾರು 5 ಟನ್ ಬಲದಿಂದ. ದೊಡ್ಡ ಕಟ್ಟಡಗಳಿಗಿಂತ ಸಣ್ಣ ಮನೆಗಳೇ ಎರೆಯಲ್ಲಿ ಹೆಚ್ಚು ನರಳುವುದು ಇದರಿಂದ. ಹಗುರವಾಗಿರುವುದೇ ಅವುಗಳ ತಪ್ಪು.

ಹಳಬರು ಈ ಮಣ್ಣಿನೊಂದಿಗೆ ಬೇರೆ ರೀತಿಯಲ್ಲಿ ಬಾಳಿದ್ದರು. ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ಮೇಲ್ಮುದ್ದೆಯ ಭಾರವನ್ನು ಬಹುಪಾಲು ಹೊರುತ್ತಿದ್ದವು ಮರದ ಕಂಬ, ತೊಲೆ, ಜಂತಿಗಳು. ಎರಡು ಮೂರು ಅಡಿ ದಪ್ಪದ ಗೋಡೆಯನ್ನು ಮಣ್ಣಿನ ಗಾರೆಯಲ್ಲೇ ಕಟ್ಟುತ್ತಿದ್ದರು. ನೆಲ ಮಿಸುಕಿದರೆ ಕಂಬ ಅದರೊಂದಿಗೆ ತುಸು ವಾಲುತ್ತಿತ್ತು, ಗೋಡೆ ಅಲ್ಲಲ್ಲಿ ಬಿರಿಯುತ್ತಿತ್ತು, ಮನೆಯವರು ಹಬ್ಬಕ್ಕೆ ಮುಂಚೆ ಮೆತ್ತಿ ಸಾರಿಸಿಬಿಡುತ್ತಿದ್ದರು. ಬಿರುಕು ಅಲ್ಲಿ ವರ್ಷದ ಕೆಲಸಗಳಲ್ಲಿ ಒಂದು, ಅಷ್ಟೆ. ಸಾಧ್ಯವಿದ್ದಲ್ಲಿ ಎರೆಯನ್ನು ಹೊಲಕ್ಕೆ ಬಿಟ್ಟು ಗರಸು, ಮಸಾರಿ ನೆಲದಲ್ಲಿ ಮನೆ ಕಟ್ಟುವ ವಿವೇಕವೂ ಇತ್ತು. ತೊಂದರೆ ಬಿಗಡಾಯಿಸಿದ್ದು ಗೋಡೆಗಳು ಗಡುಸಾದಾಗ. ಸಿಮೆಂಟು ಗಾರೆಯ ತೆಳು ಇಟ್ಟಿಗೆ ಗೋಡೆಗೆ ಬಾಗುವ ಗುಣವಿಲ್ಲ. ನೆಲ ಕೆಲವೇ ಮಿಲಿಮೀಟರು ಓರೆಯಾದರೂ ಅದು ಒಡೆಯುತ್ತದೆ.

ಪಾಯ ಅಗಲ ಮಾಡುವುದು, ಕಲ್ಲು ಹೆಚ್ಚು ತುಂಬುವುದು, ಕೆಳಗೆ ಮರಳು ಹಾಸುವುದು ಮೊದಲ ಮದ್ದುಗಳು. ಮೊದಲೆರಡೂ ಕುಸಿಯುವ ನೆಲಕ್ಕೆ ಹೇಳಿಮಾಡಿಸಿದವು. ಏಳುವ ನೆಲಕ್ಕೆ ಅಗಲವಾದ ಪಾಯ ಕೊಡುವುದು ಎತ್ತಲು ಇನ್ನಷ್ಟು ಜಾಗವನ್ನು. ಮರಳಿನ ಹಾಸು ಮಣ್ಣಿನ ಉಬ್ಬರವನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ ಎಂಬ ನಂಬಿಕೆ ದೀರ್ಘಕಾಲ ಇತ್ತು. ಆದರೆ ಎರೆಯಲ್ಲಿ ತೋಡಿ ಮರಳು ತುಂಬಿದ ಕಾಲುವೆ ಮಳೆಗಾಲದಲ್ಲಿ ನೀರು ನಿಲ್ಲುವ ತೊಟ್ಟಿಯಾಗುತ್ತದೆ, ಮಣ್ಣಿಗೆ ಬೇಡವಾದದ್ದನ್ನೇ ಬಾಯಿಗಿಟ್ಟಂತೆ.

ಕಾರ್ಲ್ ಟೆರ್ಜಾಗಿ 1925ರಲ್ಲಿ ಮಣ್ಣಿನ ಯಂತ್ರಶಾಸ್ತ್ರದ ಗ್ರಂಥ ಪ್ರಕಟಿಸಿದ ಮೇಲೆಯೇ ನೆಲದ ನಡತೆಯನ್ನು ಲೆಕ್ಕಕ್ಕೆ ತರುವ ಹಾದಿ ತೆರೆಯಿತು. ಉಬ್ಬುವ ಮಣ್ಣು ತಾನಾಗಿಯೇ ಒಂದು ಸಮಸ್ಯೆ ಎಂದು ಅಮೆರಿಕದ ಬ್ಯೂರೊ ಆಫ್ ರೆಕ್ಲಮೇಷನ್ ಗುರುತಿಸಿದ್ದು 1938ರಲ್ಲಿ, ಒರೆಗನ್ ರಾಜ್ಯದ ಒವೈಹೀ ನೀರಾವರಿ ಯೋಜನೆಯ ಉಕ್ಕಿನ ಸೈಫನ್ನಿನ ಅಡಿಪಾಯದಲ್ಲಿ. ಅದುವರೆಗೆ ಇಂಥ ಬಿರುಕುಗಳನ್ನು ಕೆಟ್ಟ ಕೆಲಸಕ್ಕೋ ಕುಸಿತಕ್ಕೋ ಹೊರಿಸಿ ಸುಮ್ಮನಾಗುವುದೇ ರೂಢಿ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ಆರೆಂಜ್ ಫ್ರೀ ಸ್ಟೇಟ್ ಚಿನ್ನದ ಗಣಿಗಳ ಸುತ್ತ ಎದ್ದ ಹೊಸ ಊರುಗಳಲ್ಲಿ ಮನೆಗಳು ಬಿರಿಯತೊಡಗಿದವು. ಜೆ. ಇ. ಜೆನ್ನಿಂಗ್ಸ್ ಮುಂತಾದವರು ನೆಲದ ಏರಿಳಿತವನ್ನು ಅಳೆದು, ಉಬ್ಬರವನ್ನು ಮುಂಚಿತವಾಗಿ ಅಂದಾಜು ಮಾಡುವ ವಿಧಾನ ರೂಪಿಸಿದರು.

ಭಾರತದ ಉತ್ತರ ಬಂದದ್ದು ರೂರ್ಕಿಯಿಂದ. 1947ರಲ್ಲಿ ಆರಂಭವಾದ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯಲ್ಲಿ ದಿನೇಶ್ ಮೋಹನ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಎರೆಮಣ್ಣಿನ ಅಡಿಪಾಯವನ್ನು ಕೈಗೆತ್ತಿಕೊಂಡರು. ಋತುಮಾನಕ್ಕೆ ತಕ್ಕಂತೆ ನೆಲ ಏರಿಳಿಯುವುದು ಸುಮಾರು 3.5 ಮೀಟರ್ ಆಳದವರೆಗೆ, ಅದರ ಕೆಳಗೆ ತೇವ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ ಎಂಬುದು ಅವರಿಗೆ ಕಂಡಿತು. ಹಾಗಿದ್ದರೆ ಮನೆಯ ಭಾರವನ್ನು ಮಿಸುಕುವ ಪದರದ ಮೂಲಕ ದಾಟಿಸಿ ಕದಲದ ಪದರದಲ್ಲಿ ಊರಬೇಕು. ಆದರೆ ನೇರವಾದ ತೆಳು ಕಂಬವನ್ನು ಮೇಲಿನ ಎರೆ ಹಿಡಿದು ಮೇಲೆಳೆಯುತ್ತದೆ. ಅದಕ್ಕೆ ಕಂಡುಕೊಂಡ ಉಪಾಯ, ಕಂಬದ ಬುಡವನ್ನು ಗಡ್ಡೆಯಂತೆ ದಪ್ಪ ಮಾಡುವುದು: ಅಂಡರ್ ರೀಮ್ಡ್ ಪೈಲ್. ಕಂಬ 30 ಸೆಂಟಿಮೀಟರ್ ಇದ್ದರೆ ಗಡ್ಡೆ ಸಾಮಾನ್ಯವಾಗಿ ಅದರ ಎರಡೂವರೆ ಪಟ್ಟು, ಅಂದರೆ 75 ಸೆಂಟಿಮೀಟರ್. ಎರೆ ಎಷ್ಟು ಎಳೆದರೂ ನೆಲದೊಳಗೆ ಕಚ್ಚಿಕೊಂಡ ಗಡ್ಡೆ ಬಿಡುವುದಿಲ್ಲ. ಎಳೆತ ಇರುವುದರಿಂದಲೇ ಕಂಬದ ಉದ್ದಕ್ಕೂ ಕಬ್ಬಿಣ ಬೇಕು, ಇಲ್ಲದಿದ್ದರೆ ಕಾಂಕ್ರೀಟು ನಡುವೆ ತುಂಡಾಗುತ್ತದೆ.

ಈ ವಿಧಾನದ ದೊಡ್ಡತನ ಅದರ ಸಲಕರಣೆಯಲ್ಲಿದೆ ಎಂದೇ ಈ ಲೇಖಕನ ಎಣಿಕೆ. ದೊಡ್ಡ ಯಂತ್ರ ಬೇಕಿಲ್ಲ. ಬಡಗಿಯ ಬೈರಿಗೆಯನ್ನೇ ಆಳುದ್ದ ಬೆಳೆಸಿದಂಥ ಆಗರ್, ಅದನ್ನು ನೆಟ್ಟಗೆ ನಿಲ್ಲಿಸುವ ಒಂದು ಚೌಕಟ್ಟು, ಅಡ್ಡಕೋಲು ಹಿಡಿದು ಸುತ್ತುವ ಆಳುಗಳು. ತೇವದ ಎರೆ ಸುರುಳಿಗೆ ಮೆತ್ತಿಕೊಂಡು ಮೇಲೆ ಬರುತ್ತದೆ. ಅದನ್ನು ಕೆರೆದು ತೆಗೆದು ಮತ್ತೆ ಇಳಿಸಬೇಕು, ಆಳ ಹೆಚ್ಚಿದಂತೆ ಸರಳು ಜೋಡಿಸಬೇಕು. ಬೇಕಾದ ಆಳ ಸಿಕ್ಕ ಮೇಲೆ ಆಗರ್ ತೆಗೆದು ರೀಮರ್ ಇಳಿಸುತ್ತಾರೆ. ಅದರ ಕೆಳಗೊಂದು ಬಕೆಟ್, ಮೇಲೆ ಕೀಲಿನಿಂದ ಮಡಚಿಕೊಂಡ ಅಲಗುಗಳು. ಸರಳನ್ನು ಒತ್ತಿ ತಿರುಗಿಸಿದಾಗ ಅಲಗುಗಳು ಛತ್ರಿಯಂತೆ ಬಿಚ್ಚಿಕೊಂಡು ಗುಳಿಯ ಗೋಡೆಯನ್ನು ಹೆರೆಯುತ್ತವೆ, ಹೆರೆದ ಮಣ್ಣು ಬಕೆಟ್ಟಿಗೆ ಬೀಳುತ್ತದೆ. ಎತ್ತಿದಾಗ ಅಲಗು ಮಡಚಿಕೊಳ್ಳುತ್ತವೆ. ಬಕೆಟ್ ಖಾಲಿ ಮಾಡಿ ಮತ್ತೆ ಇಳಿಸುವುದು, ಅಲಗು ಪೂರ್ತಿ ಬಿಚ್ಚಿಕೊಳ್ಳುವವರೆಗೆ. ಇಷ್ಟು ಕೆಲಸವನ್ನು ಹಳ್ಳಿಯ ಗೌಂಡಿಯೂ ನಾಲ್ಕು ಆಳುಗಳೂ ಕಲಿಯಬಲ್ಲರು.

ಮನೆಯ ಮೂಲೆಗಳಲ್ಲಿ, ಗೋಡೆಗಳು ಕೂಡುವಲ್ಲಿ ಹೀಗೆ ಪೈಲು ಇಳಿಸಿ ಅವುಗಳ ತಲೆಗಳನ್ನು ಕಾಂಕ್ರೀಟ್ ತೊಲೆಗಳಿಂದ ಬೆಸೆಯುತ್ತಾರೆ. ಗೋಡೆ ಏಳುವುದು ಆ ತೊಲೆಯ ಮೇಲೆ. 1973ರಲ್ಲಿ ಬಂದು 1980ರಲ್ಲಿ ಪರಿಷ್ಕಾರಗೊಂಡ ಭಾರತೀಯ ಮಾನಕ ಐಎಸ್ 2911ರ ಮೂರನೆಯ ಭಾಗ ಎರೆ ಆಳವಾಗಿರುವಲ್ಲಿ ಪೈಲು 3.5 ಮೀಟರಿಗೆ ಕಡಿಮೆಯಾಗಬಾರದು, ತೊಲೆ ನೆಲದಿಂದ ಕನಿಷ್ಠ 80 ಮಿಲಿಮೀಟರ್ ಮೇಲಿರಬೇಕು ಎನ್ನುತ್ತದೆ. ಆ ನಾಲ್ಕು ಬೆರಳಿನ ಸಂದು ಇಡೀ ವ್ಯವಸ್ಥೆಯ ಜೀವ. ಮಣ್ಣು ಉಬ್ಬಿ ಬರಲು ಬಿಟ್ಟ ಜಾಗ ಅದು. ಕೆಲಸದ ಆತುರದಲ್ಲಿ ತೊಲೆಯನ್ನು ಮಣ್ಣಿನ ಮೇಲೆಯೇ ಎರಕ ಹೊಯ್ದರೆ, ಇಲ್ಲವೇ ಸಂದು ಚೆಂದ ಕಾಣುವುದಿಲ್ಲವೆಂದು ಮಣ್ಣು ತುಂಬಿದರೆ, ಪೈಲಿಗೆ ಹಾಕಿದ ದುಡ್ಡೆಲ್ಲ ವ್ಯರ್ಥ.

ಎರಡನೆಯ ಉತ್ತರ ಮುಂಬಯಿಯ ಐಐಟಿಯಲ್ಲಿ ಹುಟ್ಟಿತು. ಅದರ ಪರೀಕ್ಷೆಯ ಕಣ ಕರ್ನಾಟಕ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ಹೊರಟ ಮಲಪ್ರಭಾ ಕಾಲುವೆಗಳು ಎರೆಹೊಲಗಳ ನಡುವೆ ಹಾಯಬೇಕಿತ್ತು, ಎರೆಯ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟ್ ಹೊದಿಕೆ ಉಳಿಯುವಂತಿರಲಿಲ್ಲ. ಪ್ರಾಧ್ಯಾಪಕ ಆರ್. ಕೆ. ಕಟ್ಟಿ ದೊಡ್ಡ ತೊಟ್ಟಿಗಳಲ್ಲಿ ಎರೆ ತುಂಬಿ, ನೆನೆಸಿ, ಯಾವ ಆಳದಲ್ಲಿ ಎಷ್ಟು ಉಬ್ಬುತ್ತದೆ ಎಂದು ಅಳೆದರು. ಮೇಲಿನ ಒಂದು ಮೀಟರಿನಷ್ಟು ಮಣ್ಣು ತುಂಬ ಏಳುತ್ತದೆ, ಅದಕ್ಕಿಂತ ಕೆಳಗಿನದು ಬಹುಮಟ್ಟಿಗೆ ತಣ್ಣಗಿರುತ್ತದೆ. ಮೇಲಿನ ಪದರವೇ ಕೆಳಗಿನದನ್ನು ಬಿಗಿಹಿಡಿದಿದೆ ಎಂದು ಅವರು ತರ್ಕಿಸಿದರು. ಹಾಗಾದರೆ ಆ ಮೀಟರನ್ನು ತೆಗೆದು, ಅಂಟುಗುಣವಿದ್ದೂ ಉಬ್ಬದ ಮಣ್ಣನ್ನು ತುಂಬಿ ದಮ್ಮಸು ಮಾಡಿದರೆ ಕಾಯುವ ಪದರ ಉಳಿದು ಕಾಡುವ ಪದರ ಹೋಗುತ್ತದೆ. ಸಿಎನ್ಎಸ್ (ಕೊಹೆಸಿವ್ ನಾನ್ ಸ್ವೆಲಿಂಗ್) ಪದರ ಎಂದು ಹೆಸರಾದ ಇದಕ್ಕೆ ಎರೆಯ ಪಕ್ಕದಲ್ಲೇ ಸಿಗುವ ಸರಿಯಾದ ಕೆಂಪು ಗರಸು ಸಾಕಾಗುತ್ತದೆ. ಇಂಡಿಯನ್ ಜಿಯೊಟೆಕ್ನಿಕಲ್ ಸೊಸೈಟಿಯ ಮೊದಲ ವಾರ್ಷಿಕ ಉಪನ್ಯಾಸವಾಗಿ ಕಟ್ಟಿ ಮಂಡಿಸಿದ ಈ ಸಂಶೋಧನೆ 1979ರಲ್ಲಿ ಅಚ್ಚಾಯಿತು. ಕಾಲುವೆಗೆಂದು ಹುಟ್ಟಿದ ವಿಚಾರ ಆಮೇಲೆ ಮನೆಯ ನೆಲಗಟ್ಟಿಗೂ ಪಾಯಕ್ಕೂ ಬಂತು.

ಯಾವ ಮಣ್ಣು ಎಷ್ಟು ಉಬ್ಬುತ್ತದೆ ಎಂದು ತಿಳಿಯಲು 1977ರ ಮಾನಕವೊಂದು ಬಲು ಸರಳವಾದ ದಾರಿ ಹೇಳುತ್ತದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಎರಡು ಗಾಜಿನ ಅಳತೆ ಜಾಡಿಗಳಿಗೆ ತಲಾ 10 ಗ್ರಾಂ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಹೊಯ್ಯುವುದು. ಸೀಮೆಎಣ್ಣೆಗೆ ಜೇಡಿಯ ಹಾಳೆಗಳ ನಡುವೆ ನುಗ್ಗುವ ಶಕ್ತಿಯಿಲ್ಲ. 24 ಗಂಟೆ ಬಿಟ್ಟು ನೋಡಿದರೆ ಎಣ್ಣೆಯಲ್ಲಿ ಮಣ್ಣು ತಳದಲ್ಲಿ ತೆಪ್ಪಗೆ ಕೂತಿರುತ್ತದೆ, ನೀರಿನಲ್ಲಿ ಅದರ ಎರಡು ಮೂರು ಪಟ್ಟು ಎತ್ತರಕ್ಕೆ ಹಿಟ್ಟಿನಂತೆ ಅರಳಿರುತ್ತದೆ. ಕಣ್ಣೆದುರಿನ ಈ ಪರೀಕ್ಷೆಗಿಂತ ಚೆನ್ನಾಗಿ ಮನೆ ಕಟ್ಟಿಸುವವರಿಗೆ ವಿಷಯ ಮನವರಿಕೆ ಮಾಡಿಸುವುದು ಬೇರೊಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು ಕೆ. ಪ್ರಕಾಶ್ ಅವರೊಂದಿಗೆ 2000ದಲ್ಲಿ ಇದೇ ಎರಡು ಜಾಡಿಗಳ ಅಳತೆಗಳ ಅನುಪಾತದಿಂದ ಮಣ್ಣನ್ನು ವಿಂಗಡಿಸುವ ಕ್ರಮ ಸೂಚಿಸಿದರು. ಅನುಪಾತ 1ರ ಒಳಗಿದ್ದರೆ ಉಬ್ಬರದ ಭಯವಿಲ್ಲ, 2 ದಾಟಿದರೆ ಹೆಚ್ಚು, 4 ದಾಟಿದರೆ ಅತಿ ಹೆಚ್ಚು.

ಕೆಳಗಿಳಿಯುವ ಬದಲು ತೇಲುವ ದಾರಿಯನ್ನು ಅಮೆರಿಕ, ಆಸ್ಟ್ರೇಲಿಯಗಳು ಹಿಡಿದವು. ಇಡೀ ಮನೆಯ ಕೆಳಗೆ ಅಡ್ಡಲಾಗಿ ಉದ್ದಲಾಗಿ ತೊಲೆಗಳ ಜಾಲ, ಅದರೊಂದಿಗೆ ಒಂದಾಗಿ ಎರಕಗೊಂಡ ಚಪ್ಪಡಿ. ನೆಲ ಗುಮ್ಮಟವಾಗಲಿ ಬಟ್ಟಲಾಗಲಿ, ಮನೆ ದೋಣಿಯ ಹಾಗೆ ಒಟ್ಟಾಗಿ ವಾಲುತ್ತದೆ, ಮುರಿಯುವುದಿಲ್ಲ. ಅಮೆರಿಕದಲ್ಲಿ 1968ರ ಒಂದು ವರದಿ ಇದರ ವಿನ್ಯಾಸಕ್ಕೆ ಸೂತ್ರ ಕೊಟ್ಟಿತು. ಚಪ್ಪಡಿಯೊಳಗಿನ ಉಕ್ಕಿನ ಹುರಿಗಳನ್ನು ಎಳೆದು ಬಿಗಿಯುವ ಪೋಸ್ಟ್ ಟೆನ್ಷನ್ ವಿಧಾನಕ್ಕೆ 1980ರಲ್ಲಿ ಕೈಪಿಡಿ ಬಂತು, ಟೆಕ್ಸಾಸಿನಲ್ಲಿ ಅದು ಮನೆಮಾತಾಯಿತು. ಆಸ್ಟ್ರೇಲಿಯದ ಎಎಸ್ 2870 ಎಂಬ 1986ರ ಮಾನಕ ಮನೆ ನಿವೇಶನಗಳನ್ನೇ ನೆಲದ ಚಲನೆಗೆ ತಕ್ಕಂತೆ ವರ್ಗ ಮಾಡಿ, ವರ್ಗಕ್ಕೊಂದು ಪಾಯ ನಿಗದಿ ಮಾಡಿತು. ನಿವೇಶನ ಕೊಳ್ಳುವ ಮುನ್ನ ಮಣ್ಣಿನ ವರ್ಗ ಕೇಳುವ ಈ ಪದ್ಧತಿ ನಮ್ಮ ಹೊಸ ಬಡಾವಣೆಗಳಿಗೂ ತುರ್ತಾಗಿ ಬೇಕು.

ಇಷ್ಟಾದರೂ ಈ ಹಾನಿ ಸುದ್ದಿಯಾಗುವುದಿಲ್ಲ. 1973ರಲ್ಲಿ ಜೋನ್ಸ್ ಮತ್ತು ಹೋಲ್ಟ್ಸ್ ಎಂಬ ಎಂಜಿನಿಯರುಗಳು ಲೆಕ್ಕ ಹಾಕಿ, ಅಮೆರಿಕದಲ್ಲಿ ಉಬ್ಬುವ ಮಣ್ಣಿನಿಂದ ವರ್ಷಕ್ಕೆ ಆಗುವ ನಷ್ಟ 230 ಕೋಟಿ ಡಾಲರ್, ಅಂದರೆ ನೆರೆ, ಭೂಕಂಪ, ಚಂಡಮಾರುತ, ಸುಂಟರಗಾಳಿಗಳ ಒಟ್ಟು ನಷ್ಟದ ಎರಡು ಪಟ್ಟಿಗೂ ಮಿಗಿಲು ಎಂದು ತೋರಿಸಿದರು. ಸಾವಿಲ್ಲದ, ಸದ್ದಿಲ್ಲದ ಹಾನಿ ಇದು. ಮನೆಯೊಡೆಯ ಮತ್ತೊಮ್ಮೆ ಸುಣ್ಣ ಬಳಿಸಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಈ ವಿಷಯಕ್ಕೇ ಮೀಸಲಾದ ಅಂತರರಾಷ್ಟ್ರೀಯ ಸಮ್ಮೇಳನಗಳು 1965ರಲ್ಲಿ ಟೆಕ್ಸಾಸಿನಲ್ಲಿ ಶುರುವಾದವು, ಆರನೆಯದು 1987ರಲ್ಲಿ ದೆಹಲಿಯಲ್ಲಿ ನಡೆಯಿತು.

ಉತ್ತರ ಕರ್ನಾಟಕದಲ್ಲಿ ಈಗ ಹೆಚ್ಚು ಕಾಣುವುದು ಪಿಲ್ಲರ್ ಮನೆ. ಎರೆ ತೆಳ್ಳಗಿರುವಲ್ಲಿ ಗರಸು ಸಿಗುವವರೆಗೆ ಅಗೆದು ಅದರ ಮೇಲೆ ಫುಟಿಂಗ್ ಕೂರಿಸುವುದು ಸರಿಯಾದ ಕೆಲಸವೇ. ಎರೆ ಮೂರು ನಾಲ್ಕು ಮೀಟರ್ ದಾಟಿ ಹೋದಾಗ ಅಗೆತದ ಖರ್ಚು ಏರುತ್ತದೆ. ಆಗ ಅಡ್ಡದಾರಿ ಹಿಡಿದು ನಡುವೆಯೇ ಪಾಯ ನಿಲ್ಲಿಸಿದ ಮನೆಗಳೇ ಮೊದಲು ಬಿರಿಯುವುದು. ಸರಕಾರಿ ನೆರವಿನಲ್ಲಿ ಎರಡು ಕೋಣೆ ಕಟ್ಟಿಕೊಳ್ಳುವ ಬಡವರ ಪಾಲಿಗೆ ಈ ಖರ್ಚು ಎಟುಕುವುದೇ ಇಲ್ಲ. ಕೈಯಿಂದ ತಿರುಗಿಸುವ ಆಗರ್ ಹುಟ್ಟಿದ್ದೇ ಅಂಥವರಿಗಾಗಿ. ಅದು ಹಳ್ಳಿಗಳನ್ನು ತಲುಪಿದ್ದು ಸಾಲದು.

ಕಟ್ಟಿಯಾದ ಮನೆಗೆ ಉಳಿದಿರುವುದು ನೀರಿನ ಕಾವಲು. ಗೋಡೆಯ ಸುತ್ತ ಹೊರಗೆ ಇಳಿಜಾರಾಗಿ ಹಾಸಿದ ಕಾಂಕ್ರೀಟ್ ಪಟ್ಟಿ, ಬಚ್ಚಲ ನೀರನ್ನು ದೂರ ಒಯ್ಯುವ ಸೋರದ ಕೊಳವೆ, ಗೋಡೆಗೆ ಅಂಟಿಕೊಳ್ಳದ ಗಿಡಮರ. ಬೇಸಿಗೆಯಲ್ಲಿ ಬೇವು, ಅರಳಿಯಂಥ ದೊಡ್ಡ ಮರದ ಬೇರು ಒಂದು ಮೂಲೆಯ ತೇವವನ್ನಷ್ಟೇ ಹೀರಿ ಆ ಮೂಲೆಯನ್ನು ಇಳಿಸಿಬಿಡುತ್ತದೆ. ಬಿರುಕು ಬಿಟ್ಟ ಕೂಡಲೇ ಗಾರೆ ತುಂಬುವುದೂ ತಪ್ಪು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಾರೆ ಹಾಕಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯುತ್ತಾರೆ. ಗಾಜು ಎಂದು ಒಡೆಯಿತು, ಬಿರುಕು ಎಷ್ಟು ಅಗಲವಾಯಿತು, ಮತ್ತೆ ಕೂಡಿಕೊಂಡಿತೇ ಎಂದು ಬರೆದುಕೊಂಡ ಮೇಲೆಯೇ ರಿಪೇರಿಗೆ ಕೈ ಹಾಕುವುದು.