ಗುಡ್ಡ ಹತ್ತುವ ಮುನ್ನ: ಅಲ್‌ಬಿರೂನಿಯಿಂದ ಹ್ಯಾಮ್ ರೇಡಿಯೋವರೆಗೆ



ಕೆಲವು ವರ್ಷಗಳ ಹಿಂದೆ ಸೊರಬ ತಾಲ್ಲೂಕಿನ ಒಂದು ಗುಡ್ಡಕ್ಕೆ ನನ್ನ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಇಳಿಯುವಾಗ ಏಳನೆಯ ತರಗತಿಯ ಹುಡುಗನೊಬ್ಬನ ಕಾಲು ಉಳುಕಿತು. ತುದಿಯಲ್ಲಿ ಎರಡು ಗೆರೆ ತೋರಿಸುತ್ತಿದ್ದ ಮೊಬೈಲ್ ಕೆಳಗಿನ ಕಣಿವೆಯಲ್ಲಿ ಸುಮ್ಮನಾಗಿತ್ತು. ತಂದ ನೀರು ಆಗಲೇ ಮುಗಿದಿತ್ತು. ಸರದಿಯ ಮೇಲೆ ಅವನನ್ನು ಹೊತ್ತುಕೊಂಡು ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಹುಡುಗನ ತಾಯಿ ನನ್ನನ್ನು ಬೈಯಲಿಲ್ಲ. "ಒಂದು ಮಾತು ತಿಳಿಸೋದಕ್ಕೂ ಆಗಲಿಲ್ವಾ ಮೇಷ್ಟ್ರೇ?" ಎಂದಷ್ಟೇ ಕೇಳಿದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ದೀರ್ಘವಾದ ಇತಿಹಾಸ. ಉಪಕರಣ ಹೊತ್ತು ಗುಡ್ಡ ಹತ್ತಿದವರ ಇತಿಹಾಸ ಅದು. ಸಾವಿರ ವರ್ಷಗಳಲ್ಲಿ ಉಪಕರಣದ ಭಾರ ಕಡಿಮೆಯಾಗಿದೆ, ಆದರೆ ಹೊರಡುವ ಮುಂಚಿನ ಸಿದ್ಧತೆ ಒಂದಿಷ್ಟೂ ಕಡಿಮೆಯಾಗಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಂದನದ ಬೆಟ್ಟದ ಮೇಲೆ

ಕ್ರಿ.ಶ. 973ರಲ್ಲಿ ಖ್ವಾರಿಜ್ಮ್‌ನಲ್ಲಿ ಹುಟ್ಟಿದ ಅಬೂ ರೈಹಾನ್ ಅಲ್‌ಬಿರೂನಿ, ಭಾರತದ ಬಗ್ಗೆ "ಕಿತಾಬುಲ್ ಹಿಂದ್" ಬರೆದ ವಿದ್ವಾಂಸರೆಂದು ನಮ್ಮಲ್ಲಿ ಹಲವರಿಗೆ ಗೊತ್ತು. ಅವರು ಸಂಸ್ಕೃತ ಕಲಿತವರು. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನ ಕೋಟೆಯ ಬಳಿ ಅವರು ಒಂದು ಬೆಟ್ಟದ ಎತ್ತರವನ್ನು ಮೊದಲು ಅಳೆದರು. ಬಳಿಕ ತುದಿಗೆ ಹೋಗಿ, ದಿಗಂತದ ಗೆರೆ ಸಮತಲಕ್ಕಿಂತ ಎಷ್ಟು ಕೆಳಗೆ ಕಾಣುತ್ತದೆ ಎಂಬ ಕೋನವನ್ನು ಅಳೆದರು. ಈ ಎರಡೇ ಅಳತೆಗಳಿಂದ ಇಡೀ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅವರ ಉತ್ತರ ಇಂದಿನ ಸುಮಾರು 6,371 ಕಿಲೋಮೀಟರಿಗೆ ಬಹಳ ಹತ್ತಿರದ್ದೆಂದು ವಿದ್ವಾಂಸರು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅವರ ಕೈಯಲ್ಲಿದ್ದದ್ದು ಸಣ್ಣ ಉಪಕರಣ. ಲೆಕ್ಕದ ವಿಧಾನ ಮಾತ್ರ ಬೆಟ್ಟ ಹತ್ತುವ ಮೊದಲೇ ತಲೆಯಲ್ಲಿ ಸಿದ್ಧವಾಗಿತ್ತು.

ಅರ್ಧ ಟನ್ನಿನ ಯಂತ್ರ

ಇನ್ನು ನಮ್ಮ ನಾಡಿಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ದಕ್ಷಿಣ ಭಾರತವನ್ನು ತ್ರಿಕೋನಗಳ ಮೂಲಕ ಅಳೆಯುವ ಯೋಜನೆ ಮಂಡಿಸಿದರು. 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರ ರೇಖೆಯನ್ನು ಅಳೆದರು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ದೊಡ್ಡ ಸರ್ವೆ ಶುರುವಾಯಿತು. ಮುಂದೆ ತ್ರಿಕೋನಗಳ ಸರಪಳಿ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕರಾವಳಿ ಮುಟ್ಟಿತು. ಆ ಅಕ್ಷಾಂಶದಲ್ಲಿ ಸುಮಾರು 400 ಮೈಲಿ ಅಗಲವಿದೆ ಎಂದು ತಿಳಿದಿದ್ದ ಪರ್ಯಾಯ ದ್ವೀಪ ನಿಜವಾಗಿ 360 ಮೈಲಿಯಷ್ಟೇ ಇದೆ ಎಂದು ಗೊತ್ತಾಯಿತು.

ಈ ಕೆಲಸದ ನಿಯಮ ಒಂದೇ: ಒಂದು ಗುಡ್ಡದಿಂದ ಇನ್ನೊಂದು ಗುಡ್ಡ ಕಾಣಬೇಕು. ಅವರ ಥಿಯೋಡೊಲೈಟ್ ಸುಮಾರು ಅರ್ಧ ಟನ್ ತೂಗುತ್ತಿತ್ತು. ಅದನ್ನು ಹೊತ್ತವರು, ಕಾಡು ಕಡಿದು ದಾರಿ ಮಾಡಿದವರು, ಎದುರು ಗುಡ್ಡದಲ್ಲಿ ದಿನಗಟ್ಟಲೆ ಬಾವುಟ ಹಿಡಿದು ನಿಂತವರು ನಮ್ಮ ದೇಶದ ಖಲಾಸಿಗಳು. ಕಾಡಿನ ಜ್ವರಕ್ಕೆ ಹಲವರು ಬಲಿಯಾದರು. ಅವರ ಹೆಸರುಗಳು ಪುಸ್ತಕಗಳಲ್ಲಿಲ್ಲ. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಯಂತ್ರವನ್ನು ಏರಿಸುವಾಗ ಹಗ್ಗ ಕೈಕೊಟ್ಟು ಅದು ಗೋಡೆಗೆ ಬಡಿದು ಹಾಳಾಯಿತು. ಲ್ಯಾಂಬ್ಟನ್ ಅದನ್ನು ವಾರಗಟ್ಟಲೆ ಕುಳಿತು ರಿಪೇರಿ ಮಾಡಿದರು.

ಹೆಸರು ಉಳಿದವರೂ ಇದ್ದಾರೆ. ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಸರ್ವೆಯ ಸೂಕ್ಷ್ಮ ಯಂತ್ರಗಳನ್ನು ದುರಸ್ತಿ ಮಾಡುವುದರಲ್ಲಿ ನಿಪುಣರಾಗಿದ್ದರು. ಇಂಗ್ಲೆಂಡಿನಿಂದ ಬಂದಿದ್ದ ತಜ್ಞರು ಹೊರಟುಹೋದ ಮೇಲೆ, ಜಾರ್ಜ್ ಎವರೆಸ್ಟ್ ಅವರ ಶಿಫಾರಸಿನಿಂದ, 1843ರಲ್ಲಿ ಆ ಹುದ್ದೆ ಇವರಿಗೆ ಸಿಕ್ಕಿತು. ಸಂಬಳ ಮಾತ್ರ ಹಿಂದಿನವರಿಗಿಂತ ಕಡಿಮೆ. ನಮ್ಮ ಪಠ್ಯಪುಸ್ತಕಗಳಲ್ಲಿ ಎವರೆಸ್ಟ್ ಹೆಸರಿದೆ, ಮೊಹ್ಸಿನ್ ಹುಸೇನ್ ಹೆಸರಿಲ್ಲ. ತಾವಾದರೂ ತಮ್ಮ ಮಕ್ಕಳಿಗೆ ಈ ಹೆಸರನ್ನು ತಿಳಿಸಿರಿ.

ಬಾವುಟದಿಂದ ಬಾನುಲಿಗೆ

ಗುಡ್ಡದಿಂದ ಗುಡ್ಡಕ್ಕೆ ಬಾವುಟ ಮತ್ತು ದೀಪಗಳಿಂದ ಹೋಗುತ್ತಿದ್ದ ಸಂಕೇತ ಇಪ್ಪತ್ತನೆಯ ಶತಮಾನದಲ್ಲಿ ರೇಡಿಯೋ ಅಲೆಗಳ ಮೇಲೆ ಹೋಗತೊಡಗಿತು. ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ 30 ವ್ಯಾಟ್‌ನ ಪ್ರೇಷಕದಿಂದ "ಆಕಾಶವಾಣಿ" ಪ್ರಾರಂಭಿಸಿದರು. 1959ರಲ್ಲಿ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ ಸ್ಥಾಪನೆಯಾಯಿತು. ಹಣಕ್ಕಾಗಿ ಅಲ್ಲದೆ ಕಲಿಕೆಗಾಗಿ, ಸೇವೆಗಾಗಿ ರೇಡಿಯೋ ನಡೆಸುವ ಇಂಥವರನ್ನು "ಹ್ಯಾಮ್" ಎಂದು ಕರೆಯುತ್ತಾರೆ. 2002ರಲ್ಲಿ ಬ್ರಿಟನ್ನಿನ ಹ್ಯಾಮ್‌ಗಳು, ಬೆನ್ನಚೀಲದಲ್ಲಿ ಸಣ್ಣ ರೇಡಿಯೋ ಹೊತ್ತು ಶಿಖರಗಳಿಂದ ಮಾತನಾಡುವ ಒಂದು ವ್ಯವಸ್ಥಿತ ಹವ್ಯಾಸವನ್ನು ಆರಂಭಿಸಿದರು. ಅದು ಈಗ ಹಲವು ದೇಶಗಳಲ್ಲಿದೆ.

ಇದು ಬರೀ ಹವ್ಯಾಸವೇ ಎಂದು ತಾವು ಕೇಳಬಹುದು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸದ ಪ್ರಸಾರಕ್ಕೆಂದೇ ಪೋರ್ಟ್ ಬ್ಲೇರ್‌ನಲ್ಲಿ ಬೀಡುಬಿಟ್ಟಿತ್ತು. 26ರಂದು ಸುನಾಮಿ ಬಂದು ಫೋನುಗಳು ನಿಂತಾಗ ಅಂಡಮಾನಿನಿಂದ "ನಾವು ಬದುಕಿದ್ದೇವೆ" ಎಂಬ ಸುದ್ದಿ ಎಷ್ಟೋ ಮನೆಗಳಿಗೆ ತಲುಪಿದ್ದು ಈ ತಂಡದ ಮೂಲಕ.

ನಮ್ಮ ಗುಡ್ಡ, ನಮ್ಮ ಲೆಕ್ಕ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನೇ ತೆಗೆದುಕೊಳ್ಳಿ. ಕದಂಬರಿಂದ ಕೆಳದಿಯವರವರೆಗೆ ಅರಸರು ಇಲ್ಲಿ ಕೋಟೆ ಕಾಯ್ದರು. ಎತ್ತರವನ್ನು ಮೀಟರಿನಲ್ಲಿ ಬರೆದು, ವರ್ಗಮೂಲ ತೆಗೆದು, 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬಯಲಿನಲ್ಲಿ ನಿಂತ ಮನುಷ್ಯನಿಗೆ ಐದು ಕಿಲೋಮೀಟರೂ ಕಾಣದು. ಬಯಲಿಗಿಂತ 200 ಮೀಟರ್ ಎತ್ತರದಲ್ಲಿ ನಿಂತರೆ ಸುಮಾರು 50 ಕಿಲೋಮೀಟರ್. ಇದು ಅಲ್‌ಬಿರೂನಿಯ ಲೆಕ್ಕದ ಮತ್ತೊಂದು ಮುಖ. ಕೈಯಲ್ಲಿ ಹಿಡಿಯುವ 5 ವ್ಯಾಟ್‌ನ ರೇಡಿಯೋ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಕಣ್ಣು ಹೋದಷ್ಟು ದೂರ, ಅಥವಾ ಸ್ವಲ್ಪ ಹೆಚ್ಚು ಹೋಗುತ್ತದೆ. ಅಡ್ಡ ಗುಡ್ಡವಿದ್ದರೆ ನಿಲ್ಲುತ್ತದೆ. ನನ್ನ ಮೊಬೈಲ್ ಕಣಿವೆಯಲ್ಲಿ ಸುಮ್ಮನಾದದ್ದಕ್ಕೂ ಇದೇ ಕಾರಣ. 7 ಮೆಗಾಹರ್ಟ್ಸ್‌ನ ಅಲೆಗಳಾದರೆ ಮೇಲಿನ ಅಯಾನುಗೋಳಕ್ಕೆ ತಗಲಿ ಹಿಂದಿರುಗುತ್ತವೆ. ಎರಡು ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಕಟ್ಟಿದರೆ ಹಗಲು ಹೊತ್ತಿನಲ್ಲಿ ಬೆಂಗಳೂರಿನವರೊಡನೆ ಮಾತನಾಡಬಹುದು.

ಇಂಥ ಚಾರಣ ಮಾಡುವವರು ಮೊದಲೇ ಯೋಚಿಸಬೇಕಾದದ್ದು ಇಷ್ಟು.

ಮೊದಲನೆಯದು ಪರವಾನಗಿ. ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗದೆ ಪ್ರಸಾರ ಮಾಡುವುದು ಅಪರಾಧ. 12 ವರ್ಷ ತುಂಬಿದ ಮಕ್ಕಳೂ ಪರೀಕ್ಷೆ ಬರೆಯಬಹುದು. ಮನೆ ಬಿಟ್ಟು ಬೇರೆ ಕಡೆ ನಿಲಯ ನಡೆಸುವ ನಿಯಮ, ಅರಣ್ಯ ಇಲಾಖೆಯ ಅನುಮತಿ ಇವನ್ನೂ ನೋಡಿಕೊಳ್ಳಬೇಕು. ಚಂದ್ರಗುತ್ತಿ ರೇಣುಕಾಂಬೆಯ ಕ್ಷೇತ್ರ. ಅಲ್ಲಿನವರನ್ನು ಕೇಳಿ, ಅವರ ನಡಾವಳಿಯನ್ನು ಗೌರವಿಸಿ ಹತ್ತಬೇಕು.

ಎರಡನೆಯದು ಕಾಲ. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಉಣ್ಣೆಗಳ ಕಾಟ ಹೆಚ್ಚು. ಮೈತುಂಬ ಬಟ್ಟೆ ತೊಡಬೇಕು, ಸಂಜೆ ಮೈ ಪರೀಕ್ಷಿಸಿಕೊಳ್ಳಬೇಕು, ಮಂಗ ಸತ್ತ ಜಾಗಕ್ಕೆ ಹೋಗಬಾರದು. ಮಳೆ ನಿಂತ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಸಮಯ. ಗುಡುಗು ಕೇಳಿದ ಕೂಡಲೇ ತಂತಿ ಬಿಚ್ಚಿ ತುದಿಯಿಂದ ಇಳಿಯಬೇಕು.

ಮೂರನೆಯದು ಭಾರ. ಬ್ಯಾಟರಿ, ತಂತಿ, ನೀರು, ಊಟ ಇವುಗಳಲ್ಲಿ ಕಡಿತ ಮಾಡುವುದಾದರೆ ನೀರನ್ನು ಕಡೆಗೆ ಮುಟ್ಟಬೇಕು. ನಾನು ಅದನ್ನೇ ಮೊದಲು ಕಡಿಮೆ ಮಾಡಿದ್ದೆ.

ನಾಲ್ಕನೆಯದೇ ಮುಖ್ಯ. ಕೆಳಗೆ ಕೇಳಿಸಿಕೊಳ್ಳುವವರು ಒಬ್ಬರಿರಬೇಕು. ಯಾವ ಗಂಟೆಗೆ, ಯಾವ ಆವರ್ತನದಲ್ಲಿ, ಎಲ್ಲಿಂದ ಕರೆಯುತ್ತೇವೆಂದು ಕಾಗದದಲ್ಲಿ ಬರೆದು ಕೊಟ್ಟಿರಬೇಕು. ಎದುರು ಗುಡ್ಡದಲ್ಲಿ ಬಾವುಟ ಹಿಡಿದ ಖಲಾಸಿ ಇಲ್ಲದಿದ್ದರೆ ಲ್ಯಾಂಬ್ಟನ್ನರ ಅರ್ಧ ಟನ್ನಿನ ಯಂತ್ರಕ್ಕೆ ನೋಡಲು ಏನೂ ಇರುತ್ತಿರಲಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕಂಬ ಬಿದ್ದು ಕರೆಂಟು ಹೋದರೆ ಟವರುಗಳೂ ನಿಲ್ಲುತ್ತವೆಂಬುದು ತಮಗೆಲ್ಲ ಗೊತ್ತು. ಶಿಕಾರಿಪುರ, ಸೊರಬದ ಶಾಲೆಗಳಲ್ಲಿ ಐದಾರು ಗಂಡುಮಕ್ಕಳು, ಐದಾರು ಹೆಣ್ಣುಮಕ್ಕಳು ಈ ಪರೀಕ್ಷೆ ಪಾಸು ಮಾಡಿದರೆ ಅದು ಊರಿಗೆಲ್ಲ ಉಪಕಾರ. ಬೇಕಾದ ಗಣಿತ ಹತ್ತನೆಯ ತರಗತಿಯದು. ಬೇಕಾದ ಗುಡ್ಡಗಳು ನಮ್ಮ ಕಣ್ಣೆದುರಿಗೇ ಇವೆ. ನಾನೂ ಪುಸ್ತಕ ತಂದು ಓದಲು ಆರಂಭಿಸಿದ್ದೇನೆ. ಕಾಲು ಉಳುಕಿಸಿಕೊಂಡಿದ್ದ ಆ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ನನಗಿಂತ ಎರಡು ಪಾಠ ಮುಂದಿದ್ದಾನೆ.