ಯಾವ ಲ್ಯಾಪ್‌ಟಾಪ್? ಯಾವ ವ್ಯವಸ್ಥೆ? – ಒಂದು ಆಯ್ಕೆಯ ಇತಿಹಾಸ

ಗಣಕಯಂತ್ರದ ಅಂಗಡಿಗೆ ಕಾಲಿಟ್ಟವರಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಯಾವ ಕಂಪನಿಯ ಲ್ಯಾಪ್‌ಟಾಪ್ ಎಂಬುದು ಒಂದು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ, ವಿಂಡೋಸ್ ಆಗಿರಬೇಕೋ, ಲಿನಕ್ಸ್ ಆಗಿರಬೇಕೋ, ಆಪಲ್ ಕಂಪನಿಯ ಮ್ಯಾಕ್ ಆಗಿರಬೇಕೋ ಎಂಬುದು ಇನ್ನೊಂದು. ಮಕ್ಕಳನ್ನು ಕಾಲೇಜಿಗೆ ಸೇರಿಸುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಗಳು "ಸಾರ್, ಯಾವುದು ತಗೊಂಡ್ರೆ ಒಳ್ಳೇದು?" ಎಂದು ವಿಚಾರಿಸುವುದುಂಟು. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವನಿಗೆ ಬೆಲೆಪಟ್ಟಿಗಿಂತ ಮೊದಲು ಕಣ್ಣಿಗೆ ಬೀಳುವ ಸಂಗತಿಯೇ ಬೇರೆ. ಹೊಲಿಗೆ ಯಂತ್ರ ಕೊಳ್ಳುವಾಗ ಯಂತ್ರ ಒಬ್ಬರದು, ಅದನ್ನು ನಡೆಸುವ ಕ್ರಮ ಮತ್ತೊಬ್ಬರದು ಎಂಬ ಮಾತೇ ಏಳುವುದಿಲ್ಲ. ಗಣಕದಲ್ಲಿ ಮಾತ್ರ ಈ ಎರಡು ಪ್ರಶ್ನೆಗಳು ಹೇಗೆ ಬೇರೆಬೇರೆಯಾದವು? ಅದು ಯಾರೂ ಯೋಜಿಸಿ ಮಾಡಿದ್ದಲ್ಲ.

1981ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಆಸ್ಬರ್ನ್-1 ಎಂಬ ಯಂತ್ರ ಬೆಳಕು ಕಂಡಿತು. ಹೊತ್ತೊಯ್ಯಬಹುದಾದ ಗಣಕವೆಂದು ಅದರ ಖ್ಯಾತಿ. ತೂಕ ಸುಮಾರು 11 ಕಿಲೋ, ಪರದೆ ಐದು ಅಂಗುಲ, ಬೆಲೆ 1,795 ಡಾಲರ್. ಬ್ಯಾಟರಿ ಇರಲಿಲ್ಲವಾದ್ದರಿಂದ ತೊಡೆಯ ಮೇಲಿಟ್ಟುಕೊಂಡು ಬಳಸುವ ಮಾತು ದೂರವೇ ಉಳಿಯಿತು. ಅದರಲ್ಲಿದ್ದುದು ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ವ್ಯವಸ್ಥೆ. ಅದೇ ವರ್ಷದ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಬೇಗನೆ ಮಾರುಕಟ್ಟೆಗಿಳಿಯುವ ಅವಸರದಲ್ಲಿದ್ದ ಐಬಿಎಂ, ಎಲ್ಲವನ್ನೂ ತಾನೇ ತಯಾರಿಸುವ ತನ್ನ ಸಂಪ್ರದಾಯವನ್ನು ಬದಿಗಿಟ್ಟು, ಸಂಸ್ಕಾರಕವನ್ನು ಇಂಟೆಲ್‌ನಿಂದಲೂ ಕಾರ್ಯಾಚರಣ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್‌ನಿಂದಲೂ ತರಿಸಿಕೊಂಡಿತು. ಮೈಕ್ರೋಸಾಫ್ಟ್ ಆ ವ್ಯವಸ್ಥೆಯನ್ನು ತಾನು ಬರೆದದ್ದಲ್ಲ. ಸಿಯಾಟಲ್‌ನ ಒಂದು ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಬರೆದಿದ್ದುದನ್ನು ಅದು ಕೊಂಡುಕೊಂಡಿತ್ತು.

ಗ್ರಾಹಕನಿಗೆ ಆಗ ಆಯ್ಕೆ ಇದ್ದೇ ಇತ್ತು ಎಂಬುದನ್ನು ಇಂದು ಅನೇಕರು ಮರೆತಿದ್ದಾರೆ. ಐಬಿಎಂ ಯಂತ್ರಕ್ಕೆ ಪಿಸಿ-ಡಾಸ್ ಅಲ್ಲದೆ ಸಿಪಿ/ಎಂ-86 ಕೂಡ ದೊರೆಯುತ್ತಿತ್ತು. ಪಿ-ಸಿಸ್ಟಂ ಎಂಬ ಮೂರನೆಯದೂ ಇತ್ತು. ಡಾಸ್ ಬೆಲೆ 40 ಡಾಲರ್, ಸಿಪಿ/ಎಂ-86 ಬೆಲೆ 240 ಡಾಲರ್. ಯಾವುದು ಉತ್ತಮ ಎಂಬ ಚರ್ಚೆಗೆ ಅಲ್ಲಿ ಅವಕಾಶವೇ ಉಳಿಯಲಿಲ್ಲ. ಆದರೆ ಆ 40 ಡಾಲರಿಗಿಂತ ಮುಖ್ಯವಾದ ಒಂದು ಅಂಶ ಒಪ್ಪಂದದಲ್ಲಿ ಅಡಗಿತ್ತು. ಅದೇ ವ್ಯವಸ್ಥೆಯನ್ನು ಬೇರೆ ತಯಾರಕರಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಉಳಿಸಿಕೊಂಡಿತ್ತು. ಬೇರೆ ತಯಾರಕರು ಯಾರು? ಆಗಿನ್ನೂ ಅಂಥವರು ಹುಟ್ಟಬೇಕಿತ್ತು.

ಅವರು ಹುಟ್ಟಿದ ಬಗೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿದ್ದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮರ್ಟೋ ಎಂಬ ಮೂವರು 1982ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದಲ್ಲಿ ಕಾಂಪ್ಯಾಕ್ ಕಂಪನಿಯನ್ನು ಸ್ಥಾಪಿಸಿದರು. ಆ ನಗರದ ಒಂದು ಹೋಟೆಲಿನಲ್ಲಿ ಕುಳಿತು, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ತಮ್ಮ ಯಂತ್ರದ ಮೊದಲ ಚಿತ್ರ ಬರೆದರೆಂಬುದು ಪ್ರಸಿದ್ಧ ಕಥೆ. ಐಬಿಎಂ ಯಂತ್ರಕ್ಕಾಗಿ ಬರೆದ ತಂತ್ರಾಂಶಗಳೆಲ್ಲ ಬದಲಾವಣೆಯಿಲ್ಲದೆ ತಮ್ಮ ಯಂತ್ರದಲ್ಲೂ ಓಡಬೇಕು, ಯಂತ್ರವನ್ನು ಕೈಯಲ್ಲಿ ಹಿಡಿದು ಒಯ್ಯುವಂತಿರಬೇಕು ಎಂಬುದು ಅವರ ಗುರಿ. ಬಿಡಿಭಾಗಗಳು ಪೇಟೆಯಲ್ಲೇ ಸಿಗುತ್ತಿದ್ದವು. ಡಾಸ್ ವ್ಯವಸ್ಥೆಯನ್ನು ಮಾರಲು ಮೈಕ್ರೋಸಾಫ್ಟ್ ಸಿದ್ಧವಿತ್ತು. ಅಡ್ಡಿಯಾದದ್ದು ಬಯೋಸ್ ಎಂಬ ಒಂದೇ ಒಂದು ಸಣ್ಣ ತಂತ್ರಾಂಶ. ಯಂತ್ರಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ನಿಲ್ಲುವ ಅದು ಐಬಿಎಂನ ಸ್ವತ್ತು. ಅದರ ಪೂರ್ಣ ಪಾಠವನ್ನು ಐಬಿಎಂ ತನ್ನ ಕೈಪಿಡಿಯಲ್ಲಿ ಅಚ್ಚು ಹಾಕಿಸಿತ್ತು. ಯಾರು ಬೇಕಾದರೂ ಓದಬಹುದಿತ್ತು, ಆದರೆ ನಕಲು ಮಾಡುವಂತಿರಲಿಲ್ಲ.

ಕಾಂಪ್ಯಾಕ್ ಹಿಡಿದ ಉಪಾಯ ಮೇಷ್ಟರುಗಳಾದ ನಮಗೆ ಬೇಗ ಅರ್ಥವಾಗುತ್ತದೆ. ಒಂದು ತಂಡ ಐಬಿಎಂನ ಪಾಠವನ್ನು ಓದಿ, ಅದು ಏನೇನು ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಪಟ್ಟಿ ಮಾಡಿತು. ಮೂಲವನ್ನು ಕಣ್ಣಿನಿಂದಲೂ ಕಂಡಿರದ ಇನ್ನೊಂದು ತಂಡ ಆ ಪಟ್ಟಿಯನ್ನಷ್ಟೇ ಎದುರಿಗಿಟ್ಟುಕೊಂಡು ಹೊಸದಾಗಿ ಬರೆಯಿತು. ಗೈಡು ನೋಡದೆ, ಪ್ರಶ್ನೆಪತ್ರಿಕೆಯನ್ನು ಮಾತ್ರ ನೋಡಿ ಉತ್ತರ ಬರೆದಂತೆ. ಕೃತಿಸ್ವಾಮ್ಯ ಕಾಯಿದೆ ಬರವಣಿಗೆಯನ್ನು ರಕ್ಷಿಸುತ್ತದೆ, ಕೆಲಸವನ್ನಲ್ಲ. ಹೀಗಾಗಿ ಇದು ಕಳ್ಳತನವಾಗಲಿಲ್ಲ. 1982ರ ನವೆಂಬರ್‌ನಲ್ಲಿ ಕಾಂಪ್ಯಾಕ್ ಪೋರ್ಟಬಲ್ ಪ್ರಕಟವಾಯಿತು. ತೂಕ ಸುಮಾರು 13 ಕಿಲೋ. ಹೊಲಿಗೆ ಯಂತ್ರವನ್ನು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋದ ಹಾಗೆ! ಆದರೂ ಮೊದಲ ವರ್ಷದಲ್ಲೇ ಕಂಪನಿ 11 ಕೋಟಿ 10 ಲಕ್ಷ ಡಾಲರ್ ವಹಿವಾಟು ನಡೆಸಿತು. ಐಬಿಎಂ ತದ್ರೂಪುಗಳನ್ನು ತಯಾರಿಸಿದವರು ಅದಕ್ಕೆ ಮುಂಚೆಯೂ ಇದ್ದರು, ಆದರೆ ಈ ದಾರಿಯಲ್ಲಿ ಧನವಿದೆಯೆಂದು ತೋರಿಸಿಕೊಟ್ಟವರು ಕಾಂಪ್ಯಾಕ್‌ನವರೇ. 1984ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆ ಇದೇ ರೀತಿ ಬರೆಸಿದ ಬಯೋಸ್ ಅನ್ನು ಕೇಳಿದವರಿಗೆಲ್ಲ ಮಾರತೊಡಗಿದ ಮೇಲೆ ತಡೆಗೋಡೆಯೇ ಉಳಿಯಲಿಲ್ಲ. ಆ ಕಾಲದ ಗಿರಾಕಿಗಳು ಹೊಸ ತಯಾರಕನ ಯಂತ್ರವನ್ನು ಪರೀಕ್ಷಿಸುತ್ತಿದ್ದ ಕ್ರಮವೂ ಸ್ವಾರಸ್ಯಕರ. ಲೆಕ್ಕಪತ್ರದ ಲೋಟಸ್ 1-2-3 ಮತ್ತು ವಿಮಾನ ಹಾರಿಸುವ ಆಟ, ಇವೆರಡೂ ಸರಿಯಾಗಿ ನಡೆದರೆ ಯಂತ್ರ ಉತ್ತೀರ್ಣ. ಕಂಪನಿಯ ಹೆಸರು ನಂತರದ ಮಾತು.

ತೊಡೆಯ ಮೇಲೆ ಕೂರುವಷ್ಟು ಹಗುರವಾದ, ಅದೇ ಪಂಗಡದ ಯಂತ್ರವನ್ನು ಜಪಾನಿನ ತೋಷಿಬಾ 1985ರಲ್ಲಿ ಟಿ1100 ಎಂಬ ಹೆಸರಿನಲ್ಲಿ ತಂದಿತು. ತೂಕ ನಾಲ್ಕು ಕಿಲೋ ಆಸುಪಾಸು.

ಆಪಲ್ ಹಿಡಿದದ್ದು ಇದಕ್ಕೆ ವಿರುದ್ಧವಾದ ಹಾದಿ. 1984ರ ಮ್ಯಾಕಿಂಟಾಷ್‌ನಿಂದ ಹಿಡಿದು ಯಂತ್ರವೂ ವ್ಯವಸ್ಥೆಯೂ ಒಂದೇ ಮನೆಯವು. 1989ರಲ್ಲಿ ಅದು ಹೊರತಂದ ಪೋರ್ಟಬಲ್ ಏಳು ಕಿಲೋಗೂ ಮೀರಿ ತೂಗಿ ಸೋತಿತು. 1991ರ ಅಕ್ಟೋಬರ್‌ನಲ್ಲಿ ಬಂದ ಪವರ್‌ಬುಕ್ ಮಾತ್ರ ಎಲ್ಲರಿಗೂ ಮಾದರಿಯಾಯಿತು. ಕೀಲಿಮಣೆಯನ್ನು ಪರದೆಯ ಕಡೆಗೆ ಸರಿಸಿ ಮುಂದೆ ಅಂಗೈ ಊರಲು ಜಾಗ ಬಿಡುವ ವಿನ್ಯಾಸವನ್ನು ಇಂದು ಯಾವ ಕಂಪನಿಯ ಲ್ಯಾಪ್‌ಟಾಪ್ ತೆರೆದರೂ ಕಾಣಬಹುದು. 1995ರಲ್ಲಿ ಆಪಲ್ ಕೂಡ ತನ್ನ ವ್ಯವಸ್ಥೆಯನ್ನು ಬೇರೆ ತಯಾರಕರಿಗೆ ಕೊಟ್ಟು ನೋಡಿತು. ಅವರು ಆಪಲ್‌ನ ಗಿರಾಕಿಗಳನ್ನೇ ಸೆಳೆಯತೊಡಗಿದ್ದರಿಂದ, 1997ರಲ್ಲಿ ಮರಳಿ ಬಂದ ಸ್ಟೀವ್ ಜಾಬ್ಸ್ ಆ ಬಾಗಿಲನ್ನು ಮುಚ್ಚಿಸಿದರು. 2006ರಿಂದ ಮ್ಯಾಕ್ ಯಂತ್ರಗಳಿಗೆ ಇಂಟೆಲ್ ಸಂಸ್ಕಾರಕ ಬಂದು, ಅವುಗಳಲ್ಲಿ ವಿಂಡೋಸ್ ಕೂಡ ಹಾಕಿಕೊಳ್ಳುವ ಅನುಕೂಲ ಒದಗಿತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಸಂಸ್ಕಾರಕವನ್ನು ತಂದಾಗ ಹೊಸ ಯಂತ್ರಗಳಲ್ಲಿ ಆ ಅನುಕೂಲ ನಿಂತುಹೋಯಿತು. ಅಲ್ಲಿ ಪ್ರಶ್ನೆ ಮತ್ತೆ ಒಂದೇ.

ಇತ್ತ ಐಬಿಎಂ ಪಂಗಡದಲ್ಲಿ ತಯಾರಕರು ಬಹಳ, ವ್ಯವಸ್ಥೆ ಒಂದೇ ಎಂಬ ಸ್ಥಿತಿ ನೆಲೆಗೊಂಡಿತು. ಇದು ಕೇವಲ ಜನರ ಒಲವಿನಿಂದ ಆದದ್ದಲ್ಲ. ತಯಾರಕನು ಮಾರಿದ ಪ್ರತಿಯೊಂದು ಯಂತ್ರಕ್ಕೂ, ಅದರಲ್ಲಿ ತನ್ನ ತಂತ್ರಾಂಶ ಇರಲಿ ಬಿಡಲಿ, ಮೈಕ್ರೋಸಾಫ್ಟ್‌ಗೆ ಹಣ ಸಲ್ಲಿಸಬೇಕೆಂಬ ಬಗೆಯ ಕರಾರುಗಳಿದ್ದವು. ಬೇರೆ ವ್ಯವಸ್ಥೆ ಹಾಕಿ ಮಾರುವವನು ಎರಡು ಕಡೆ ದುಡ್ಡು ಕೊಡಬೇಕಾಗುತ್ತಿತ್ತು. 1994ರಲ್ಲಿ ಅಮೆರಿಕ ಸರ್ಕಾರದೊಡನೆ ಆದ ಒಪ್ಪಂದದಲ್ಲಿ ಮೈಕ್ರೋಸಾಫ್ಟ್ ಇಂಥ ಕರಾರನ್ನು ಕೈಬಿಡಲು ಒಪ್ಪಿತು. ಅಷ್ಟರಲ್ಲಿ ಕಾಲ ಮೀರಿತ್ತು. ಮರುವರ್ಷವೇ ವಿಂಡೋಸ್ 95 ಬಂದು ಮೂಲೆಮೂಲೆಗಳಿಗೂ ಹಬ್ಬಿತು. "ಜನರೇ ವಿಂಡೋಸ್ ಆರಿಸಿಕೊಂಡರು" ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಇನ್ನು ಕಂಪನಿಯ ಹೆಸರಿನ ಬೆಲೆ ಎಷ್ಟು? 1992ರಲ್ಲಿ ಐಬಿಎಂ ತಂದ ಥಿಂಕ್‌ಪ್ಯಾಡ್ ಕಪ್ಪು ಬಣ್ಣದ ಚೌಕ ಪೆಟ್ಟಿಗೆ. ಕೀಲಿಗಳ ನಡುವೆ ಕೆಂಪು ಗುಂಡಿ. ಅದರ ರೂಪ ರಿಚರ್ಡ್ ಸ್ಯಾಪರ್ ಎಂಬ ಜರ್ಮನ್ ವಿನ್ಯಾಸಕಾರರದು, ತಾಂತ್ರಿಕ ರಚನೆ ಜಪಾನಿನ ಯಮಾಟೋ ಪ್ರಯೋಗಾಲಯದ್ದು. 2005ರಲ್ಲಿ ಐಬಿಎಂ ತನ್ನ ಪಿಸಿ ವಿಭಾಗವನ್ನೇ ಚೀನಾದ ಲೆನೊವೊಗೆ ಮಾರಿತು. ಹೆಸರು ಉಳಿಯಿತು, ಯಮಾಟೋದ ತಂಡವೂ ಮುಂದುವರಿಯಿತು, ಒಡೆಯ ಮಾತ್ರ ಬದಲಾದ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯೊಳಗೆ ಸೇರಿಹೋಯಿತು. ತೋಷಿಬಾ 2020ರ ಹೊತ್ತಿಗೆ ಈ ವ್ಯಾಪಾರದಿಂದ ಪೂರ್ತಿಯಾಗಿ ಹೊರನಡೆಯಿತು. ಇಷ್ಟಲ್ಲದೆ, ಬೇರೆಬೇರೆ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲನ್ನು ಜೋಡಿಸುವವರು ತೈವಾನ್ ಮೂಲದ ಕ್ವಾಂಟಾ, ಕಾಂಪಲ್ ಮೊದಲಾದ ಕೆಲವೇ ಕಂಪನಿಗಳು. ಹೆಸರಿಗಾಗಿ ಜಗಳವಾಡುವವರನ್ನು ಕಂಡಾಗ ಇದನ್ನು ನೆನೆದು ನನಗೆ ನಗು ಬರುತ್ತದೆ.

ಕನ್ನಡದಲ್ಲಿ ಬರೆಯುವ ನಮ್ಮಂಥವರಿಗಾದರೋ ಈ ಆಯ್ಕೆಯಲ್ಲಿ ಇನ್ನೊಂದು ಗಂಟಿತ್ತು. ತೊಂಬತ್ತರ ದಶಕದಲ್ಲಿ ಗಣಕದಲ್ಲಿ ಕನ್ನಡ ಮೂಡಿಸುವ ಕೆಲಸ ಹುರುಪಿನಿಂದ ನಡೆಯಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವಕ್ಕೆಲ್ಲ ನಾವು ಋಣಿಗಳು. ಇವುಗಳಿಲ್ಲದಿದ್ದರೆ ಎಷ್ಟೋ ಮಂದಿ ಗಣಕದ ಹತ್ತಿರವೇ ಸುಳಿಯುತ್ತಿರಲಿಲ್ಲ. ಆದರೆ ಆಗ ಬಳಕೆಯಲ್ಲಿದ್ದ ಕನ್ನಡ ತಂತ್ರಾಂಶಗಳೆಲ್ಲ ಹೆಚ್ಚುಕಡಿಮೆ ವಿಂಡೋಸ್‌ಗೆ ಮೀಸಲು. ಮೇಲಾಗಿ ಅಂದಿನ ಕ್ರಮದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗುತ್ತಿತ್ತು. ಅಂದರೆ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ತೊಡಿಸಿದ ಫಾಂಟ್ ಮಾತ್ರ ಕನ್ನಡದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತಿತ್ತು.

ಇದರ ಬಿಸಿ ನಮ್ಮ ಶಾಲೆಗೂ ತಟ್ಟಿತು. 2004ರಲ್ಲಿ ಶಾಲೆಯ ಸುವರ್ಣ ಮಹೋತ್ಸವಕ್ಕೆ ತಂದ ಸ್ಮರಣ ಸಂಚಿಕೆಯನ್ನು ಪಟ್ಟಣದ ಒಂದು ಡಿಟಿಪಿ ಕೇಂದ್ರದಲ್ಲಿ ಟೈಪು ಮಾಡಿಸಿದ್ದೆವು. ಅದರಲ್ಲಿ ಶಾಲೆಯ ಮೊದಲ ಮುಖ್ಯೋಪಾಧ್ಯಾಯರ ನೆನಪುಗಳಿದ್ದವು: ಛಾವಣಿಯಿಲ್ಲದ ಕೊಠಡಿ, ಹೊಳೆ ದಾಟಿ ಬರುತ್ತಿದ್ದ ಮಕ್ಕಳು. ಪುಟ ಉಳಿಸಲು ಮುದ್ರಣದಲ್ಲಿ ಆ ಲೇಖನವನ್ನು ಅರ್ಧಕ್ಕಿಳಿಸಲಾಯಿತು. ಪೂರ್ಣ ಪಾಠ ಸಿ.ಡಿ.ಯಲ್ಲಿ ಮಾತ್ರ ಉಳಿಯಿತು. ಹಸ್ತಪ್ರತಿ ಸಿಗಲಿಲ್ಲ, ಬರೆದವರೂ ತೀರಿಕೊಂಡರು. ಎಷ್ಟೋ ವರ್ಷಗಳ ಮೇಲೆ ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಬೇಡಿದಳು. ಕಳುಹಿಸಿದೆ. ಆಕೆಯ ಮ್ಯಾಕ್ ಯಂತ್ರದಲ್ಲಿ ತೆರೆದುಕೊಂಡದ್ದು ಇಂಗ್ಲಿಷ್ ಅಕ್ಷರಗಳ ಹಾಗೂ ವಿಚಿತ್ರ ಚಿಹ್ನೆಗಳ ಇಪ್ಪತ್ತು ಪುಟ. ಡಿಟಿಪಿ ಕೇಂದ್ರ ಅಷ್ಟರಲ್ಲಿ ಮುಚ್ಚಿಹೋಗಿತ್ತು.

ಈ ಗಂಟನ್ನು ಬಿಡಿಸಿದ್ದು ಯಾವ ಕಂಪನಿಯೂ ಅಲ್ಲ, ಯೂನಿಕೋಡ್ ಎಂಬ ಒಪ್ಪಂದ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ನಮ್ಮ "ಕ" ಅಕ್ಷರದ ಸಂಖ್ಯೆ 3221. ಯಂತ್ರ ಯಾರದೇ ಆಗಲಿ, ವ್ಯವಸ್ಥೆ ಯಾವುದೇ ಆಗಲಿ, ಅದು ಬದಲಾಗದು. ಆದರೆ ಕಾಗದದ ಮೇಲಿನ ಒಪ್ಪಂದ ಬಳಕೆಗೆ ಬರಲು ವರ್ಷಗಳೇ ಹಿಡಿದವು. ವಿಂಡೋಸ್‌ನಲ್ಲಿ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಅದನ್ನೂ ಸಿ.ಡಿ. ಹಾಕಿ ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಲಿನಕ್ಸ್‌ನಲ್ಲಿ ಸ್ವಯಂಸೇವಕರು ಅದೇ ದಶಕದಲ್ಲಿ ಕನ್ನಡವನ್ನು ಮೂಡಿಸಿದರು. ಮ್ಯಾಕ್ ಲ್ಯಾಪ್‌ಟಾಪ್‌ನೊಳಗೆ ಕನ್ನಡದ ಫಾಂಟುಗಳು ಸೇರಿಕೊಂಡದ್ದು 2011ರ ಲಯನ್ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕನ್ನಡದ ಲೇಖಕನೊಬ್ಬನಿಗೆ ಆಪಲ್ ಲ್ಯಾಪ್‌ಟಾಪ್ ಕೊಳ್ಳಿರೆಂದು ಸಲಹೆ ನೀಡುವುದು ಕಷ್ಟವೇ ಇತ್ತು.

ಮುಖ್ಯೋಪಾಧ್ಯಾಯರ ಲೇಖನ ಉಳಿಯಿತು. ಹಳೆಯ ಅಕ್ಷರಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಿಂದ ಬಹುಭಾಗ ಸರಿಬಂತು. ಅರ್ಕಾವತ್ತುಗಳು ಮಾತ್ರ ಸ್ಥಳ ತಪ್ಪಿ "ಕಾರ್ಯ", "ವರ್ಷ" ಮೊದಲಾದ ಪದಗಳೆಲ್ಲ ಕೆಟ್ಟಿದ್ದವು. ಒಂದೊಂದನ್ನೇ ತಿದ್ದಲು ಮೂರು ವಾರ ಹಿಡಿಯಿತು.

ಲಿನಕ್ಸ್‌ನ ಕಥೆ ಅರ್ಧಕ್ಕೇ ನಿಂತಿದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದನ್ನು ಯಾರು ಬೇಕಾದರೂ ಪಡೆಯಬಹುದು, ತಿದ್ದಬಹುದು. 2007ರಲ್ಲಿ ಆಸುಸ್ ಕಂಪನಿ ಏಳು ಅಂಗುಲದ ಪರದೆಯ ಅಗ್ಗದ ಈ-ಪಿಸಿಯನ್ನು ಲಿನಕ್ಸ್ ಸಮೇತ ಮಾರಿದಾಗ, ಅಂಗಡಿಯ ಗಿರಾಕಿಗೂ ಅದು ತಲುಪಿತೆಂದು ಅನೇಕರು ಹಿಗ್ಗಿದರು. ಆದರೆ ನಿಲ್ಲಿಸಬೇಕೆಂದಿದ್ದ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಇಂಥ ಪುಟ್ಟ ಯಂತ್ರಗಳಿಗಾಗಿಯೇ ಮುಂದುವರಿಸಿತು. ಮರುವರ್ಷದಿಂದ ಅವುಗಳಲ್ಲೂ ವಿಂಡೋಸ್ ಬಂದು ಕುಳಿತಿತು. ಕೇರಳದ ಸರ್ಕಾರಿ ಶಾಲೆಗಳು ಮಾತ್ರ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿ ಅದರಲ್ಲೇ ಪಾಠ ನಡೆಸಿದವು. ನೆರೆರಾಜ್ಯದ ಮೇಷ್ಟರನ್ನು ಕಂಡು ನಾನು ಹೊಟ್ಟೆಕಿಚ್ಚುಪಟ್ಟದ್ದು ಆ ಒಂದು ವಿಷಯಕ್ಕೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಡುವ ಭದ್ರತಾ ಚಿಪ್ ಹಾಗೂ ಹೊಸ ಸಂಸ್ಕಾರಕ ಇಲ್ಲದ ಎಷ್ಟೋ ಯಂತ್ರಗಳು, ಕೀಲಿಮಣೆ ಪರದೆಗಳೆಲ್ಲ ಗಟ್ಟಿಯಾಗಿದ್ದರೂ, ಅಧಿಕೃತವಾಗಿ ಅನರ್ಹವಾದವು. ಅಂಥವರ ಮುಂದೆ ಈಗ ಇರುವುದು ಕಂಪನಿಯ ಪ್ರಶ್ನೆಯಲ್ಲ, ವ್ಯವಸ್ಥೆಯದು. ನನ್ನ ಹಳೆಯ ಲ್ಯಾಪ್‌ಟಾಪ್‌ಗೂ ಅದೇ ಗತಿ ಬಂದಿತ್ತು. ಪರಿಚಯದ ಹುಡುಗನೊಬ್ಬ ಒಂದು ಮಧ್ಯಾಹ್ನ ಕುಳಿತು ಅದಕ್ಕೆ ಲಿನಕ್ಸ್ ಹಾಕಿಕೊಟ್ಟ. ಈ ಲೇಖನವನ್ನು ಬರೆಯುತ್ತಿರುವುದು ಅದರಲ್ಲೇ. ಮುದ್ರಣಾಲಯದವರು ಇಂದಿಗೂ ಹಳೆಯ ಫಾಂಟಿನಲ್ಲೇ ಕೊಡಿರೆಂದು ಪಟ್ಟು ಹಿಡಿದಾಗ ಮಾತ್ರ ಮೊಮ್ಮಗಳ ವಿಂಡೋಸ್ ಯಂತ್ರವನ್ನು ಕೇಳಿ ಪಡೆಯುತ್ತೇನೆ.